ಕೆಂಪು ದೀಪ ಹತ್ತಿದಾಗ ಮಾತಾಡಿದವಳು

ಕರೆಂಟ್ ಹೋದದ್ದು ಚಲೋನೇ ಆಯ್ತು. ಇಂಥದನ್ನ ಟ್ಯೂಬ್‌ಲೈಟಿನ ಕೆಳಗೆ ಹೇಳಬಾರದು. ಆ ಮೇಣಬತ್ತಿ ಸ್ವಲ್ಪ ಈ ಕಡೆ ಸರಿಸ್ರಿ… ಹಾಂ. ನಡುವೆ ಯಾರೂ ನೀರು ಕುಡಿಯಾಕ ಅಂತ ಏಳಬ್ಯಾಡ್ರಿ. ಹೋಗೂದು ಸುಲಭ, ಒಬ್ಬರೇ ವಾಪಸ್ ಬರೂದು ಕಷ್ಟ.

ಪುಣೆಯ ಹೊರಗೆ, ಚಾಕಣದಿಂದ ವಾಕಡದ ಕಡೆ ಬರುವ ಒಳದಾರಿಯಲ್ಲಿ ಒಂದು ಆಲದ ಮರ ಇತ್ತು. ಅದರ ಬುಡಕ್ಕೆ ಬಾವಿ. ಒಂದು ಕಡೆ ಕಟ್ಟೆ ಕುಸಿದು ಬಾಯಿ ರಸ್ತೆಯ ಕಡೆಗೇ ತೆರಕೊಂಡಿತ್ತು. ಮರ ಎಷ್ಟು ದೊಡ್ಡದು ಅಂತ ನಾನು ಹೇಳಿದರೆ ಅರ್ಧ ಕಡಿಮೆ ಮಾಡಿಕೊಳ್ರಿ, ನನ್ನ ಬಾಯಿ ನಿಮಗೆ ಗೊತ್ತೇ ಅದ. ಆದರೆ ಅಲ್ಲಿ ನಡೆದದ್ದರಲ್ಲಿ ಒಂದಕ್ಷರ ಬಿಡಬ್ಯಾಡ್ರಿ.

ಇದು ನಮ್ಮ ಸೋದರತ್ತೆ ನಾಗವ್ವನ ಮಗ ಅಂಬಾರಾಯನಿಗೆ ಆದದ್ದು. ಎರಡು ಸಾವಿರದ ಏಳೋ ಎಂಟೋ ಇಸವಿ. ಚಾಕಣದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಮನೆ ವಾಕಡದಲ್ಲಿ. ಹೆಂಡತಿ ಸಪ್ನಾಗೆ ಆಗ ಏಳು ತಿಂಗಳು. ಅದಕ್ಕೂ ಮುಂಚೆ ಒಂದು ಕೂಸು ನಿಲ್ಲದೇ ಹೋಗಿತ್ತು. ಹಾಗಾಗಿ ನಾಗವ್ವ ಆಳಂದದಿಂದ ಬಂದು, ಹೊಸ್ತಿಲಿಗೆ ಕಾವಲು ಕೂತವರಂತೆ ಕೂತಿದ್ದಳು. ಹೊರಗಿನಿಂದ ಬಂದವರು ಕಾಲಿಗೆ ನೀರು ಹಾಕಿಕೊಳ್ಳದೆ ಒಳಗೆ ಬರುವಂತಿಲ್ಲ. ಹಾಲಿನವನು ಕೂಡ.

ಅಂಬಾರಾಯನಿಗೆ ಇದ್ದದ್ದು ಒಂದೇ ಹುಚ್ಚು, ಹ್ಯಾಮ್ ರೇಡಿಯೊ. ಪರೀಕ್ಷೆ ಕೊಟ್ಟು ಲೈಸೆನ್ಸ್ ತಗೊಂಡು, ಕಾರಿನ ಮೇಲೆ ಏರಿಯಲ್ ನೆಟ್ಟು, ಸಂಜೆ ಮನೆಗೆ ಬರುವಾಗ ಊರ ತುಂಬಾ ಇರುವ ತನ್ನಂಥ ಹುಚ್ಚರ ಜೊತೆ ಹರಟುವುದು. ಒಂದು ಕೈಯಲ್ಲಿ ಮೈಕು, ಒಂದು ಕೈಯಲ್ಲಿ ಸ್ಟೇರಿಂಗು. ಒಮ್ಮೆ ಡಿವೈಡರಿಗೆ ಉಜ್ಜಿಕೊಂಡು ಬಂದಾಗ ಸಪ್ನಾ ಅಳುತ್ತಾ ಕೂತಳು. ಅದಕ್ಕೇ ಅವನು ಫೋನಿನವರು ಕಿವಿಗೆ ಸಿಕ್ಕಿಸಿಕೊಳ್ಳುವ ತಂತಿಯಿಲ್ಲದ ಹೆಡ್‌ಸೆಟ್ ತಂದು, ರೇಡಿಯೊ ಸೆಟ್ಟಿಗೆ ಒಂದು ಡಬ್ಬಿ ಕೂಡಿಸಿ, ಕೈ ಮುಟ್ಟದೆ ಮಾತಾಡುವ ವ್ಯವಸ್ಥೆ ಮಾಡಿದ.

ಇದೊಂದು ತಿಳಕೊಳ್ರಿ, ಮುಂದಿನದೆಲ್ಲ ಇದರ ಮೇಲೇ ಅದ. ಆ ರೇಡಿಯೊದಲ್ಲಿ ಮಾತಾಡುವಾಗ ಕೇಳಿಸುವುದಿಲ್ಲ, ಕೇಳುವಾಗ ಮಾತಾಡಲು ಬರುವುದಿಲ್ಲ. ಅಂಬಾರಾಯನ ಸೆಟ್ಟಿಗೆ ಈಗ ಗುಂಡಿ ಒತ್ತುವುದೂ ಬೇಡ. ಕಾರಿನೊಳಗೆ ಯಾರಾದರೂ ಬಾಯಿ ತೆರೆದರೆ ಸಾಕು, ಡ್ಯಾಶ್‌ಬೋರ್ಡಿನ ಮೇಲೆ ಕೆಂಪು ದೀಪ ಹತ್ತಿ, ಮಾತು ತಾನಾಗಿ ಊರಿಗೆಲ್ಲ ಹೋಗುತ್ತದೆ. ಮಾತು ನಿಂತರೆ ಹಸಿರು.

ಅವತ್ತು ಲೋಡ್ ಶೆಡ್ಡಿಂಗ್. ದಾರಿಯ ಎರಡೂ ಕಡೆ ಕತ್ತಲೆ. ಕಿವಿಯಲ್ಲಿ ಅವಧೂತ ಕಾಕಾ ಎಲ್ಲರ ಹೆಸರು ಕರೆದು ಮಾತಾಡಿಸುತ್ತಿದ್ದರು. ಸೋಲಾಪುರದ ಹಿರಿಯರು, ಮರಾಠಿ ಮಾತಾಡುತ್ತಾ ಮಾತಾಡುತ್ತಾ ಕನ್ನಡಕ್ಕೆ ಜಾರೋರು. ಆ ಗುಂಪಿಗೆ ಅವರೇ ಯಜಮಾನರು. ಜೊತೆಗೆ ಸಂಜು, ಹೆಂಗಸಿನ ದನಿ ತೆಗೆದು ಎಲ್ಲರನ್ನೂ ಏಮಾರಿಸುವ ಕಿಲಾಡಿ.

ಆಲದ ಮರ ಬಂತು. ತಿರುವು. ಅಂಬಾರಾಯ ಗೇರು ಇಳಿಸಿದ.

ಕಿವಿಯಲ್ಲಿ… ಟಿಣ್.

ಸ್ವಲ್ಪ ಬಿಟ್ಟು… ಟಿಣ್, ಟಿಣ್. ಗಾಜಿನ ಬಳೆ ಗಾಜಿಗೇ ತಾಗಿದ ಹಾಗೆ.

ಹ್ಯಾಮಿನವರಲ್ಲಿ ಒಂದು ಪದ್ಧತಿ ಅದ. ಎಲ್ಲೋ ದೂರದವನ ದನಿ ಮುಟ್ಟದೆ ಬರೀ ಸದ್ದು ಬಂದರೂ ಅವನನ್ನು ಹೊರಗೆ ನಿಲ್ಲಿಸಬಾರದು. ಮೊದಲು ಕರೀಬೇಕು, ಹೆಸರು ಆಮೇಲೆ. ಅಂಬಾರಾಯ ಅದರಲ್ಲಿ ಭಾಳ ಶಿಸ್ತಿನವನು. ಕಾಕಾ ಮಾತು ಮುಗಿಸಿದ್ದೇ ತಡ, ನಗುನಗುತ್ತಾ ಹೇಳಿದ.

"ಯಾರೋ ಬಾಗಿಲಾಗ ನಿಂತೀರಿ. ಬರ್ರಿ, ಒಳಗ ಬರ್ರಿ."

ಟಿಣ್ ಅನ್ನುವುದು ನಿಂತಿತು. ಕಾರು ಬಾವಿ ದಾಟಿತು.

ಅಷ್ಟರಲ್ಲಿ ಕಿವಿ ಗಪ್ಪಾಯಿತು. ಸೆಟ್ಟು ನೋಡಿದರೆ ಕೆಂಪು ದೀಪ. ಅವನು ಬಾಯಿ ತೆರೆದಿರಲಿಲ್ಲ. ಗಾಳಿಯ ಸದ್ದಿಗೆ ಹತ್ತಿರಬೇಕು ಅಂತ ಕಿಟಕಿ ಏರಿಸಿದ. ದೀಪ ಹಸಿರಾಯಿತು. ಕಿವಿಯಲ್ಲಿ ನಗು. ಸಂಜು ಹೇಳುತ್ತಿದ್ದ, ಅಂತೂ ವೈನಿ, ಅಂದರೆ ಅಂಬಾರಾಯನ ಹೆಂಡತಿ, ಬಾಯಿ ಬಿಟ್ಟರು, ಇಷ್ಟು ದಿನ ಅಂಬಾರಾಯ ಬಚ್ಚಿಟ್ಟಿದ್ದ ಅಂತ. ಮತ್ತೊಬ್ಬರು ನಮಸ್ಕಾರ ಹೇಳಿದರು. ಮತ್ತೆ ಕೆಂಪು. ಮತ್ತೆ ಹಸಿರು. ಈ ಸಲ ಸಂಜು ಉತ್ತರ ಕೊಡುತ್ತಿದ್ದ: ಇನ್ನೇನ್ರಿ ವೈನಿ, ದೊಡ್ಡ ರಸ್ತೆ ಸಿಕ್ಕಿತಂದ್ರ ಮನಿ ಬಂದಂಗೇ.

ಅಂಬಾರಾಯನಿಗೆ ಸಿಟ್ಟು ಬಂತು. ಬಸುರಿ ಹೆಂಡತಿಯ ಹೆಸರಲ್ಲಿ ಇದೆಂಥ ಚೇಷ್ಟೆ ಅಂತ ಸಂಜುವಿಗೆ ಬೈದ. ನಾನೊಬ್ಬನೇ ಅದೀನಿ, ಸಪ್ನಾ ಮನೆಯಲ್ಲಿ ಅದಾಳ ಅಂದ.

ಸಂಜುವಿನ ನಗು ಅಲ್ಲಿಗೇ ನಿಂತಿತು. ಆಮೇಲೆ ಕಾಕಾ, ಮೆಲ್ಲಗೆ.

"ಅಂಬೂ, ದನಿ ನಿನ್ನ ಸೆಟ್ಟಿನಿಂದನ ಬರ್ಲಿಕ್ಕತ್ತದ. ನಿನ್ನ ಗಾಡಿ ಸಪ್ಪಳ ಸುದ್ದಾ ಕೇಳ್ತದ ಅದರ ಹಿಂದ."

ಅಂಬಾರಾಯ ಪಕ್ಕದ ಸೀಟಿನ ಕಡೆ ನೋಡಲಿಲ್ಲ. ನೋಡಬೇಕು ಅನ್ನಿಸಿತು, ಕುತ್ತಿಗೆ ತಿರುಗಲಿಲ್ಲ. ಉಸಿರು ಬಿಗಿಹಿಡಿದ. ತುಟಿ ಕಚ್ಚಿದ. ಒಳಗೆ ಎಂಜಿನಿನ ಗುರ್ ಬಿಟ್ಟರೆ ಸೂಜಿ ಬಿದ್ದ ಸದ್ದಿಲ್ಲ.

ದೀಪ ಕೆಂಪಾಯಿತು.

ಕೆಂಪು… ಕೆಂಪು… ಇನ್ನೂ ಕೆಂಪು. ಯಾರೋ ಸಾವಕಾಶ, ಉದ್ದಕ್ಕೆ ಏನೋ ಹೇಳುತ್ತಿದ್ದಾರೆ. ಊರಿಗೆಲ್ಲ ಕೇಳಿಸುತ್ತದೆ. ಅದೇ ಕಾರಿನಲ್ಲಿ ಕೂತ ಅವನಿಗೆ ಮಾತ್ರ ಕೇಳಿಸುವುದಿಲ್ಲ.

ಹಸಿರು.

"ಏನಂದ್ಲು ಕಾಕಾ?"

"ಬ್ಯಾಡ."

"ಹೇಳ್ರಿ."

"ಅಟ್ಟದ ಮ್ಯಾಲ ತೊಟ್ಟಿಲ ಇಟ್ಟೀಯಂತ. ಚಾದರ ಮುಚ್ಚಿ. ಇಳಸಿ ಕಟ್ಟು ಅಂತಾಳ… ಎತ್ತಿಕೊಳ್ಳಾಕ ತಾನು ಬರ್ಲಿಕ್ಕತ್ತೀನಿ ಅಂತಾಳ."

ಹುಟ್ಟುವ ಮೊದಲು ಮನೆಗೆ ತೊಟ್ಟಿಲು ತರಬಾರದು ಅಂತ ನಾಗವ್ವ ಕಟ್ಟಪ್ಪಣೆ ಮಾಡಿದ್ದಳು. ಚಂದ ಕಂಡಿತು ಅಂತ ಇವನು ಕದ್ದು ತಂದು ಅಟ್ಟಕ್ಕೆ ಏರಿಸಿದ್ದ. ಸಪ್ನಾಗೂ ಹೇಳಿರಲಿಲ್ಲ. ಸಂಜುವಿಗೆ ಹೇಗೆ ಗೊತ್ತಾಗಬೇಕು?

ಅಷ್ಟು ಹೊತ್ತಿಗೆ ಹೆದ್ದಾರಿ ಬಂದಿತ್ತು. ಎಡಕ್ಕೆ ಅವನ ಮನೆಯ ತಿರುವು. ಕತ್ತಲೆ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಮೇಣಬತ್ತಿ ಹಿಡಿದು ಬಾಲ್ಕನಿಯಲ್ಲಿ ಸಪ್ನಾ ನಿಂತದ್ದು ಅವನಿಗೆ ಕಂಡಿತು. ಕಾರಿನ ದೀಪ ಗುರುತಿಸಿರಬೇಕು, ಕೈ ಬೀಸಿದಳು. ಇವನು ಕಣ್ಣಲ್ಲಿ ನೀರು ತುಂಬಿಕೊಂಡು, ತಿರುವು ಬಿಟ್ಟು, ನೆಟ್ಟಗೆ ಹೋದ.

ದೀಪ ಕೆಂಪಾಯಿತು. ಈ ಸಲ ಮಿಣುಮಿಣು ಮಿಣುಕಿತು. ಬೇಗ ಬೇಗ ಮಾತಾಡಿದ ಹಾಗೆ.

ಹಸಿರಾಗುತ್ತಲೇ ಕಾಕಾ ಗಡಬಡಿಸಿ ಹೇಳಿದರು. "ಎಲ್ಲಿ ಹೊಂಟೀದಿ ಅಂತ ಕೇಳ್ಲಿಕ್ಕತ್ತಾಳ. ನೀ ಉತ್ತರ ಕೊಡಬ್ಯಾಡ. ಮಂದಿ ಇರೋ ಕಡೆ ಗಾಡಿ ನಿಲ್ಲಸು. ಸೆಟ್ ಬಂದ್ ಮಾಡಬ್ಯಾಡ. ಹೆಡ್‌ಸೆಟ್ ತಗದು ಆಕಿ ಸೀಟಿನ ಮ್ಯಾಲ ಇಡು, ಇಳದು ಹೋಗು. ನಾ ಮಾತಾಡಸ್ತಾ ಇರ್ತೀನಿ."

ಮುಂದೆ ರಘುರಾಮ ಶೆಟ್ಟರ ಹೋಟೆಲು. ಕುಂದಾಪುರದ ಕಡೆಯವರು, ಜನರೇಟರ್ ಹಚ್ಚಿ ಕೂತಿದ್ದರು. ಅಂಬಾರಾಯ ಅಲ್ಲಿ ಕಾರು ನಿಲ್ಲಿಸಿದ. ಮುಖ ಆ ಕಡೆ ತಿರುಗಿಸಿ, ಕೈಯನ್ನಷ್ಟೇ ಚಾಚಿ ಹೆಡ್‌ಸೆಟ್ ಪಕ್ಕದ ಸೀಟಿನ ಮೇಲಿಟ್ಟ. ಸೀಟು ತಣ್ಣಗಿತ್ತಂತೆ. ಅಷ್ಟೇ, ಬೇರೇನೂ ಇಲ್ಲ. ಸೆಟ್ಟಿನ ವಾಯರು ನೇರ ಬ್ಯಾಟರಿಯಿಂದ ಬಂದದ್ದು, ಕೀಲಿ ತೆಗೆದರೂ ಅದು ನಡೆಯುತ್ತಿತ್ತು. ಬಾಗಿಲು ಹಾಕಿ ಬೀಗ ತಿರುಗಿಸಿದಾಗ ಒಳಗೆ ದೀಪ ಕೆಂಪಾದದ್ದು ಗಾಜಿನ ಮೇಲೆ ಕಂಡಿತು.

ಕೀಲಿ ಶೆಟ್ಟರ ಕೈಗೆ ಕೊಟ್ಟು, ಗಾಡಿ ಕೆಟ್ಟಿದೆ, ಬೆಳಿಗ್ಗೆ ತನಕ ಯಾರೂ ಮುಟ್ಟಬಾರದು ಅಂದ. ಅವರು, ಮುಖ ಯಾಕೆ ಹೀಗಾಗಿದೆ ಮಾರಾಯ್ರೆ, ಒಂದು ಚಹಾ ಕುಡೀರಿ ಅಂದರು. ಇವನು ಆಗಲೇ ಸಿಕ್ಸ್ ಸೀಟರ್ ರಿಕ್ಷಾ ಹತ್ತಿದ್ದ.

ಮನೆಯ ಬಾಗಿಲಲ್ಲಿ ನಾಗವ್ವ ತಂಬಿಗೆ ಹಿಡಿದು ನಿಂತಿದ್ದಳು. ಮಗನ ಮುಖ ನೋಡಿದವಳೇ ಕಾಲಿಗೆ ನೀರು ಹಾಕಿ, ಉಪ್ಪು ಮೆಣಸಿನಕಾಯಿಯಿಂದ ದೃಷ್ಟಿ ಇಳಿ ತೆಗೆದು ಒಲೆಗೆ ಹಾಕಿದಳು. ಚಟಚಟ ಅಂತು. ಘಾಟು ಮಾತ್ರ ಬರಲಿಲ್ಲ, ಅಂದರೆ ಏನೋ ತಗಲಿತ್ತು ಅಂತಲೇ ಲೆಕ್ಕ. ಆ ರಾತ್ರಿಯೇ ತೊಟ್ಟಿಲು ಅಟ್ಟದಿಂದ ಇಳಿದು ಮನೆಯಿಂದ ಹೊರಗೆ ಹೋಯಿತು.

ಹೆಡ್‌ಸೆಟ್ಟಿನ ಚಾರ್ಜು ಇರುವ ತನಕ ಅವಧೂತ ಕಾಕಾ ಮಾತಾಡಿಸುತ್ತಲೇ ಇದ್ದರಂತೆ. ಊರ ಸುದ್ದಿ, ಅಡಿಗೆ ಸುದ್ದಿ, ತಮ್ಮ ಮೊಮ್ಮಕ್ಕಳ ಸುದ್ದಿ. ಬೆಳಿಗ್ಗೆ ಅಂಬಾರಾಯ ಫೋನ್ ಮಾಡಿದಾಗ ಮುದುಕರ ಗಂಟಲು ಕಟ್ಟಿಹೋಗಿತ್ತು.

"ಮ್ಯಾಲಿಂದ ಮ್ಯಾಲ ಒಂದ ಮಾತು ಕೇಳಿದ್ಲು, ಅಂವ ಎಲ್ಲಿ ಹೋದ ಅಂತ. ಚಾ ಕುಡೀಲಿಕ್ಕೆ ಹೋಗ್ಯಾನ, ಬರ್ತಾನ ಅಂತ ಹೇಳ್ಕೋತ ಬಂದೆ. ಕಡೀಕ ಆಕಿ, ಇಷ್ಟೊತ್ತು ಬೇಕೇನು, ನಾನೇ ಹೋಗಿ ನೋಡ್ತೀನಿ ಅಂದ್ಲು. ಆಮ್ಯಾಲ ಬಂದ್ ಆತು."

ಮಗಳು ಹುಟ್ಟಿದಳು, ದಿನ ತುಂಬಿ, ಗಟ್ಟಿಮುಟ್ಟಾಗಿ. ಈಗ ಕಾಲೇಜಿಗೆ ಹೋಗುತ್ತಾಳೆ. ಆ ಕಾರನ್ನು ಅಂಬಾರಾಯ ಮನೆಗೆ ತರಲೇ ಇಲ್ಲ. ಹೋಟೆಲಿನ ಮುಂದಿನಿಂದಲೇ ಮಾರಿದ. ನಗಬ್ಯಾಡ್ರಿ. ನಾನು ಹೇಳುವ ಹತ್ತರಲ್ಲಿ ಒಂಬತ್ತು ಬುರುಡೆ, ಒಪ್ಪಿದೆ. ಇದು ಆ ಒಂಬತ್ತರಲ್ಲಿ ಇಲ್ಲ. ಮರುದಿನ ಬೆಳಿಗ್ಗೆ ಅವನ ಜೊತೆ ಕಾರಿನ ಹತ್ತಿರ ಹೋದವನು ನಾನೇ. ಶೆಟ್ಟರು ಸೊಂಟದಿಂದ ಕೀಲಿ ತೆಗೆದು ಕೊಟ್ಟರು, ರಾತ್ರಿಯೆಲ್ಲ ಅದು ಅಲ್ಲೇ ಇತ್ತು ಅಂದರು. ಬಾಗಿಲ ಬೀಗ ಹಾಕಿದ್ದು ಹಾಗೇ ಇತ್ತು. ಅಂಬಾರಾಯ ನನಗಿಂತ ಒಂದು ಗೇಣು ಎತ್ತರ, ಸೀಟನ್ನು ತುದಿಯ ತನಕ ಹಿಂದೆ ಸರಿಸಿಕೊಂಡೇ ಕೂಡುವವನು. ಅವತ್ತು ಒಳಗೆ ಕಾಲು ಇಡಲು ಹೋದ, ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಡ್ರೈವರ್ ಸೀಟು ಪೂರ್ತಿ ಮುಂದಕ್ಕೆ ಬಂದಿತ್ತು.