ಪೆಟ್ಟಿಗೆಯಲ್ಲಿ ಬಿದ್ದ ಕಪ್ಪು ಗೋಲಿ

ಹತ್ತಿಯ ವ್ಯಾಪಾರ ಜೋರಾಗಿದ್ದ ಒಂದು ಊರು. ಅಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ನಡೆಸುತ್ತಿದ್ದ ಒಬ್ಬ ಶ್ರೀಮಂತ. ಕೆಟ್ಟವನೇ? ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನೀವೆಲ್ಲ ‘ಇದು ನಮ್ಮ ಕಥೆಯಲ್ಲ’ ಎಂದುಕೊಂಡು ಗೋಡೆಗೆ ಒರಗಿ ಕುಳಿತುಬಿಡುತ್ತೀರಿ. ಒಳ್ಳೆಯವನೇ. ಶಾಲೆಗೆ ಕೊಠಡಿ ಕಟ್ಟಿಸಿದ್ದ, ಬೇಸಿಗೆಯಲ್ಲಿ ಓಣಿಗೆ ನೀರಿನ ಟ್ಯಾಂಕರ್ ತರಿಸುತ್ತಿದ್ದ, ಯಾರೊಡನೆಯೂ ಬಿರುಸಾಗಿ ಮಾತನಾಡಿದವನಲ್ಲ.

ಈ ಶ್ರೀಮಂತ ಫ್ರೀಮೇಸನ್ನರು ಎಂಬ ಹಳೆಯ ಸಹೋದರ ಸಂಘದ ಸಭೆಯೊಂದರ ಸದಸ್ಯ. ಅವರು ಅದನ್ನು ಲಾಡ್ಜ್ ಎನ್ನುತ್ತಾರೆ. ಬಸ್ ಸ್ಟ್ಯಾಂಡಿನ ಎದುರಿಗೆ ರೂಮು ಕೊಡುತ್ತಾರಲ್ಲ, ಆ ಲಾಡ್ಜ್ ಅಲ್ಲ. ಸ್ಟೇಷನ್ ರಸ್ತೆಯಲ್ಲಿ, ಕಿಟಕಿಗಳು ಸದಾ ಮುಚ್ಚಿಕೊಂಡಿರುವ ಹಳೆಯ ಕಟ್ಟಡ. ಊರವರು ಅದನ್ನು ದೆವ್ವದ ಬಂಗಲೆ ಎನ್ನುತ್ತಿದ್ದರು. ಒಳಗೆ ತಲೆಬುರುಡೆ ಇಟ್ಟು ಪೂಜೆ ಮಾಡುತ್ತಾರಂತೆ ಎಂದು ಒಬ್ಬರು, ಹೊಸಬರ ಕೊರಳಿಗೆ ಹಗ್ಗ ಹಾಕುತ್ತಾರಂತೆ ಎಂದು ಇನ್ನೊಬ್ಬರು.

ಒಳಗೆ ಇದ್ದದ್ದು ಏನು? ಗೌಂಡಿಯ ಸಾಮಾನು. ಮೂಲೆಮಟ್ಟ, ಕೈವಾರ, ರಸಮಟ್ಟ. ಹಿಂದಿನ ಕಾಲದ ಕಲ್ಲು ಕಟ್ಟುವವರ ಉಪಕರಣಗಳನ್ನು ಅವರು ಗುರುತಾಗಿ ಇಟ್ಟುಕೊಂಡಿದ್ದಾರೆ. ಮೂಲೆಮಟ್ಟ ಇಟ್ಟರೆ ಕಲ್ಲಿನ ಮೂಲೆ ನೇರ ಇದೆಯೋ ಇಲ್ಲವೋ ತಿಳಿಯುತ್ತದೆ. ನಿನ್ನ ನಡತೆಯೂ ಹಾಗೆ ನೇರವಾಗಿರಲಿ ಎನ್ನುತ್ತಾರೆ. ರಸಮಟ್ಟ ಇಟ್ಟರೆ ಏರುಪೇರು ಗೊತ್ತಾಗುತ್ತದೆ. ಮನುಷ್ಯರೆಲ್ಲ ಒಂದೇ ಮಟ್ಟದಲ್ಲಿ ನಿಂತವರು ಎನ್ನುತ್ತಾರೆ. ಮೇಜಿನ ಮೇಲೆ ಗೀತೆ, ಕುರಾನು, ಬೈಬಲ್ಲು ಅಕ್ಕಪಕ್ಕ. ಕಲೆಕ್ಟರ್ ಬಂದರೂ ಗುಮಾಸ್ತ ಬಂದರೂ ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು ಸಾಲಾಗಿ ಕೂರಬೇಕು. ಒಬ್ಬರನ್ನೊಬ್ಬರು ಕರೆಯುವುದು ಸಹೋದರ ಎಂದು. ನಮ್ಮ ಶ್ರೀಮಂತನಿಗೆ ಆ ಮಾತುಗಳೆಲ್ಲ ಬಾಯಿಪಾಠ. ಸಮಾನತೆಯ ಮೇಲೆ ಅವನು ಮಾಡಿದ ಭಾಷಣ ಕೇಳಿ ಕಣ್ಣೊರೆಸಿಕೊಂಡವರಿದ್ದರು.

ಆ ಸಭೆಗೆ ಹೊಸಬರನ್ನು ಸೇರಿಸಿಕೊಳ್ಳುವ ಮೊದಲು ಮತ ಹಾಕಬೇಕು. ಮರದ ಪೆಟ್ಟಿಗೆಯೊಂದು ಸುತ್ತು ಬರುತ್ತದೆ. ಒಳಗೆ ಬಿಳಿ ಗೋಲಿ ಒಂದು ಬದಿಗೆ, ಕಪ್ಪು ಇನ್ನೊಂದು ಬದಿಗೆ, ನಡುವೆ ಹಾಕುವ ತೂತು. ಒಪ್ಪಿಗೆಯಿದ್ದವರು ಬಿಳಿ ಗೋಲಿ ಹಾಕಬೇಕು, ಇಲ್ಲದವರು ಕಪ್ಪು. ಕೈ ಒಳಗೆ ಹೋದಮೇಲೆ ಯಾವ ಗೋಲಿ ಬಿತ್ತೆಂದು ಪಕ್ಕದವನಿಗೂ ಕಾಣುವುದಿಲ್ಲ. ಯಾರು ಯಾವುದು ಹಾಕಿದರೆಂದು ಕೇಳುವಂತಿಲ್ಲ. ಆ ಊರಿನ ಸಭೆಯಲ್ಲಿ ಒಂದೇ ಒಂದು ಕಪ್ಪು ಗೋಲಿ ಬಿದ್ದರೆ ಸಾಕು, ಬಂದವನು ಹೊರಗೆ.

ಒಮ್ಮೆ ಊರಿನ ಸರ್ಜನ್ ಒಬ್ಬರ ಹೆಸರು ಬಂತು. ಸಭೆಯ ಅಧ್ಯಕ್ಷರಾಗಿದ್ದ ವಯಸ್ಸಾದ ವಕೀಲರೇ ಸೂಚಿಸಿದ್ದರು. ಡಾಕ್ಟರ್ ಒಳ್ಳೆಯವರು, ಕೈಗುಣ ಚೆನ್ನಾಗಿದೆ, ಬಡವರಿಗೆ ಕರಗುವ ಮನಸ್ಸು. ಶ್ರೀಮಂತನಿಗೆ ಅವರು ಎಳೆ ವಯಸ್ಸಿನಿಂದ ಗೊತ್ತು. ಅವರ ತಾಯಿ ಇವನ ಮಿಲ್ಲಿನ ಅಂಗಳ ಗುಡಿಸುತ್ತಿದ್ದವಳು. ಆ ಹುಡುಗ ಡಾಕ್ಟರಾದಾಗ ‘ನಮ್ಮ ಹುಡುಗ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಇವನೇ. ತನ್ನ ಹರ್ನಿಯಾ ಆಪರೇಷನ್ನಿಗೂ ಅವರ ಆಸ್ಪತ್ರೆಯಲ್ಲಿಯೇ ದಿನ ಗೊತ್ತು ಮಾಡಿಕೊಂಡಿದ್ದ.

ಪೆಟ್ಟಿಗೆ ಅವನ ಮುಂದೆ ಬಂತು. ಬಿಳಿ ಗೋಲಿ ಹಾಕಬೇಕೆಂದೇ ಎದ್ದು ನಿಂತಿದ್ದ. ಆದರೆ ಕೈ ಒಳಗೆ ಹೋದಾಗ ಒಂದು ಚಿತ್ರ ಕಣ್ಣ ಮುಂದೆ ಬಂತು. ಆ ಡಾಕ್ಟರ್ ತನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಾರೆ. ಎಲ್ಲರ ಎದುರಿಗೆ ತನ್ನನ್ನು ಸಹೋದರ ಎಂದು ಕರೆಯುತ್ತಿದ್ದಾರೆ. ಅಷ್ಟೇ. ಬೆರಳು ತಡಕಾಡಿ ಕಪ್ಪು ಗೋಲಿಯನ್ನು ಹಿಡಿಯಿತು.

ಅಧ್ಯಕ್ಷರು ಪೆಟ್ಟಿಗೆ ತೆರೆದು ನೋಡಿದರು. ಮುಖ ಸಪ್ಪಗಾಯಿತು. “ಯಾರದರೆ ಕೈ ತಪ್ಪಿರಬಹುದು. ಇನ್ನೊಮ್ಮೆ ಹಾಕ್ರಿ” ಎಂದರು. ಪೆಟ್ಟಿಗೆ ಮತ್ತೆ ಸುತ್ತಿತು. ಈ ಸಲ ಬಿಳಿ ಹಾಕಿಬಿಟ್ಟರೆ ಮುಗಿಯಿತಲ್ಲ ಎಂದು ಶ್ರೀಮಂತನಿಗೂ ಅನ್ನಿಸಿತು. ಆದರೆ ಒಮ್ಮೆ ಮಾಡಿದ್ದನ್ನು ಅಳಿಸಿದರೆ ತನ್ನ ಕಣ್ಣಿಗೇ ತಾನು ಸಣ್ಣವನಾಗುತ್ತೇನೆ ಎಂಬ ಹಟ. ಮತ್ತೆ ಕಪ್ಪೇ ಬಿತ್ತು.

ಈಗ ನೋಡಿ. ಯಾರೂ ನೋಡಲಿಲ್ಲ, ಯಾರೂ ಕೇಳುವಂತಿಲ್ಲ. ಹಾಗಾದರೆ ಅವನು ನೆಮ್ಮದಿಯಾಗಿ ಇರಬೇಕಿತ್ತಲ್ಲವೇ? ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಯಾರಾದರೂ ಎರಡು ನಿಮಿಷ ಸುಮ್ಮನೆ ತನ್ನನ್ನು ನೋಡಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಫೋನು ಬಂದರೆ ಅಧ್ಯಕ್ಷರದೇ ಎಂದು ಬೆಚ್ಚುತ್ತಿದ್ದ. ಹೆಂಡತಿ ಕೇಳಿದಳು, “ಆಪರೇಷನ್ ಅಂದ್ರ ಅಷ್ಟ್ಯಾಕ ಹೆದರ್ತೀರಿ? ಡಾಕ್ಟರ್ ನಮ್ಮವರ ಅದಾರಲ್ಲ.” ಅವನು ತಟ್ಟೆಯ ಮುಂದಿನಿಂದ ಎದ್ದುಹೋದ.

ಸಭೆಯಲ್ಲಿ ಇನ್ನೊಂದು ನಡೆಯಿತು. ಯಾರು ಹಾಕಿದರೆಂದು ಬಾಯಿಬಿಟ್ಟು ಕೇಳುವಂತಿಲ್ಲ ನಿಜ. ಒಳಗೊಳಗೇ ಲೆಕ್ಕ ಹಾಕುವುದನ್ನು ತಡೆಯುವವರು ಯಾರು? ಸದಸ್ಯರಲ್ಲಿ ನಿವೃತ್ತ ಸ್ಟೇಷನ್ ಮಾಸ್ತರ್ ಒಬ್ಬರಿದ್ದರು. ಅವರ ಹೆಂಡತಿ ಹಿಂದಿನ ವರ್ಷ ಅದೇ ಡಾಕ್ಟರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಎಲ್ಲರ ಕಣ್ಣೂ ಅವರ ಮೇಲೆ ಬಿತ್ತು. ಅವರು ಬಂದಾಗ ಮಾತು ನಿಲ್ಲುತ್ತಿತ್ತು. ಊಟಕ್ಕೆ ಕುಳಿತಾಗ ಅವರ ಪಕ್ಕದ ಕುರ್ಚಿ ಖಾಲಿ ಉಳಿಯುತ್ತಿತ್ತು. ಮಾಸ್ತರರು ಒಂದು ದಿನ ಶ್ರೀಮಂತನನ್ನೇ ಬದಿಗೆ ಕರೆದರು.

“ಸಾವ್ಕಾರ್ರ, ಮಂದಿ ನನ್ನ ಮ್ಯಾಲ ಸಂಶಯ ಮಾಡ್ಲಿಕತ್ತಾರ. ನನ್ನ ಹೆಂಡ್ತಿ ಕಡೀ ದಿನ ಡಾಕ್ಟರ್ ಆಕಿ ಹಾಸಿಗಿ ಬಾಜೂ ಬಿಟ್ಟು ಎದ್ದಿದ್ದಿಲ್ಲ. ನಾ ಅವ್ರಿಗೆ ಹಂಗ ಮಾಡ್ತೀನೇನು? ನೀವರೆ ನಂಬ್ತೀರಿಲ್ಲೋ?”

“ನಂಬ್ತೀನ್ರಿ,” ಎಂದ ಶ್ರೀಮಂತ. ಅವರ ಕಣ್ಣು ನೋಡಲಾಗದೆ ವಾಚು ನೋಡಿಕೊಂಡ. ನಂಬುತ್ತೇನೆ ಎಂದು ಅವನಷ್ಟು ಖಾತ್ರಿಯಾಗಿ ಹೇಳಬಲ್ಲವರು ಊರಲ್ಲಿ ಇನ್ನಾರು ಇದ್ದರು? ಆದರೂ ನಿಜ ಹೇಳಲಿಲ್ಲ.

ಆಪರೇಷನ್ನಿಗೆ ಮುಂಚೆ ತಪಾಸಣೆಗೆಂದು ಹೋದ. ಡಾಕ್ಟರ್ ಎಂದಿನಂತೆ ಎದ್ದು ನಿಂತು ಬರಮಾಡಿಕೊಂಡರು. ರಕ್ತದೊತ್ತಡ ನೋಡಿದರು, ಹುಬ್ಬು ಗಂಟಿಕ್ಕಿತು. “ಭಾಳ ಏರೇತ್ರಿ. ಏನರೆ ಚಿಂತಿ ಐತೇನು?” ಎಂದರು. ಇವನು ತಲೆಯಲ್ಲಾಡಿಸಿದ. ಡಾಕ್ಟರ್ ಪಟ್ಟಿ ಬಿಚ್ಚುತ್ತ ತಗ್ಗಿದ ದನಿಯಲ್ಲಿ ಹೇಳಿದರು, “ಆ ಕಪ್ಪು ಗೋಲಿ ಯಾರು ಹಾಕಿದ್ರು ನನಗ ಗೊತ್ತೈತ್ರಿ.”

ಶ್ರೀಮಂತ ಬಾಗಿಲ ಕಡೆ ನೋಡಿದ.

“ಸ್ಟೇಷನ್ ಮಾಸ್ತರು. ಮಂದಿ ಮಾತಾಡೂದು ಕೇಳೀನಿ. ಅವ್ರ ಮ್ಯಾಲ ನನಗ ಸಿಟ್ಟಿಲ್ಲ. ಅವ್ರ ಹೆಂಡ್ತಿ ನನ್ನ ಕೈಯಾಗ ಹೋದ್ರು. ಇಷ್ಟ್ ದಿನ ನನ್ನ ತಪ್ಪಿಲ್ಲ ಅನ್ಕೊಂಡಿದ್ದೆ. ಅಂಥಾ ಸಮಾಧಾನದ ಮನಷ್ಯಾನ ಹಿಂಗ ಮಾಡ್ಯಾರಂದ್ರ, ಎಲ್ಲೋ ನಾನ ತಪ್ಪೀನಿ. ಇತ್ತಿತ್ಲಾಗ ಬ್ಲೇಡ್ ಹಿಡಿಯೋ ಮುಂದ ಕೈ ಹಿಂಜರೀತೈತಿ. ನೀವು ಬ್ಯಾರೆ ಕಡೆ ಮಾಡಿಸ್ಕೋತೀನಿ ಅಂದ್ರೂ ನನಗ ಬ್ಯಾಸರಿಲ್ಲ.”

ಇನ್ನೇನು ಬೇಕಿತ್ತು? ಬಾಗಿಲು ಮುಚ್ಚಿತ್ತು, ಇಬ್ಬರೇ ಇದ್ದರು. ಹೇಳಬಹುದಿತ್ತು. ಅವನು “ಹಂಗೇನಿಲ್ರಿ, ನೀವ ಮಾಡ್ರಿ” ಎಂದು ಎದ್ದು ಬಂದ. ಬೇರೆ ಆಸ್ಪತ್ರೆಗೆ ಹೋದರೆ ಯಾಕೆಂದು ಜನ ಕೇಳುತ್ತಾರೆ ಎಂಬುದು ಅವನ ಭಯ. ನೋಡಿ, ಒಂದು ಮಾತು ಮುಚ್ಚಿಡುವುದಕ್ಕೆ ಅವನು ತನ್ನ ಹೊಟ್ಟೆಯನ್ನೇ ಒಡ್ಡಲು ತಯಾರಾದ.

ಆಪರೇಷನ್ ದಿನ ಬಂತು. ಬೆನ್ನಿಗೆ ಸೂಜಿ ಕೊಟ್ಟರು. ಸೊಂಟದ ಕೆಳಗೆ ಮೈ ತನ್ನದಲ್ಲ ಎನ್ನುವಂತಾಯಿತು. ಎಚ್ಚರ ಮಾತ್ರ ಪೂರ್ತಿ. ಎದೆಯ ಮೇಲೆ ಹಸಿರು ಬಟ್ಟೆಯ ಪರದೆ. ಅದರ ಆಚೆ ಟ್ರೇಯಲ್ಲಿ ಏನೋ ಕಣಕಣ ಎಂದಿತು. ಡಾಕ್ಟರ್ ಬಂದು ನಿಂತರು. ಪರದೆಯ ಅಂಚಿನ ಮೇಲೆ ಕಾಣುವಂತೆ ಕೈ ಚಾಚಿದರು. ನರ್ಸು ಬ್ಲೇಡು ಕೊಟ್ಟಳು. ಆ ಕೈ ಹಾಗೆಯೇ ನಿಂತುಬಿಟ್ಟಿತು. ಅರೆಗಳಿಗೆ ಇರಬಹುದು. ಆ ಕೈಯಲ್ಲಿ ಹಿಂಜರಿಕೆ ಇಟ್ಟವನು ತಾನು ಎಂಬುದು ಶ್ರೀಮಂತನಿಗೆ ಆಗ ನೇರವಾಗಿ ಕಂಡಿತು. ಆ ಕೈಯ ಕೆಳಗೆ ಮಲಗಿದವನೂ ತಾನೇ. ತನ್ನ ನಂತರ ಇನ್ನೆಷ್ಟು ಜನ ಮಲಗಬೇಕೋ.

“ಡಾಕ್ಟರ್ರ, ನಿಂದರ್ರಿ.”

“ನೋವಾತೇನ್ರಿ?”

“ಕಪ್ಪು ಗೋಲಿ ಹಾಕಿದಾವ ನಾನು. ಮಾಸ್ತರಲ್ಲ. ನಿಮ್ಮ ಕೈಯಾಗ ಏನೂ ತಪ್ಪಿಲ್ಲ.”

ಡಾಕ್ಟರ್ ಪರದೆಯ ಈಚೆ ಬಂದು ಅವನ ಮುಖ ನೋಡಿದರು. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ.

“ಯಾಕ?”

ಶ್ರೀಮಂತ ಆ ಕಣ್ಣು ನೋಡಿಯೇ ಹೇಳಿದ, “ನಿಮ್ಮವ್ವ ನಮ್ಮ ಅಂಗಳ ಗುಡಿಸ್ತಿದ್ಲು. ನೀವು ನನ್ನ ಸಮಕ್ಕ ಕೂಡೂದು ನನಗ ತಡಕೊಳ್ಳಾಕ ಆಗಲಿಲ್ಲ. ಬ್ಯಾರೆ ಕಾರಣ ಇಲ್ರಿ.”

ಡಾಕ್ಟರ್ ಬ್ಲೇಡನ್ನು ಟ್ರೇಯಲ್ಲಿಟ್ಟು ಹೊರಗೆ ಹೋದರು. ಕಾಲು ಅಲುಗಿಸಲಾಗದೆ, ಎದ್ದು ಓಡಲಾಗದೆ, ದೀಪದ ಕೆಳಗೆ ಇವನು ಮಲಗಿದ್ದ. ಬರುತ್ತಾರೋ ಇಲ್ಲವೋ. ಬಂದರೆ ಆ ಕೈ ಈಗ ಹೇಗಿರುತ್ತದೋ. ನರ್ಸು ಬೆವರು ಒರೆಸಿದಳು.

ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರ ಜೊತೆ ಇನ್ನೊಬ್ಬರಿದ್ದರು, ಊರಿನ ಇನ್ನೊಂದು ಆಸ್ಪತ್ರೆಯ ಸರ್ಜನ್. “ಸಾವ್ಕಾರ್ರ, ನನಗ ಈಗ ನಿಮ್ಮ ಮ್ಯಾಲ ಸಿಟ್ಟೈತಿ,” ಎಂದರು ಡಾಕ್ಟರ್. “ಸಿಟ್ಟಿರೋ ಕೈಲೆ ಮಂದಿ ಹೊಟ್ಟಿ ಕೊಯ್ಯಬಾರದು. ಇವ್ರು ಮಾಡ್ತಾರ. ನಾ ಬಾಜೂ ನಿಂತಿರ್ತೀನಿ.”

ಹಾಗೆಯೇ ನಿಂತರು, ಕೊನೆಯ ಹೊಲಿಗೆ ಬೀಳುವ ತನಕ.

ಹೇಳಿ, ಆ ಸಭೆಯ ಮೂಲೆಮಟ್ಟವನ್ನು ಅಲ್ಲಿಯೇ ಇಟ್ಟು ನೋಡಿದ್ದರೆ ಯಾರು ನೇರ ಕಾಣುತ್ತಿದ್ದರು? ಭಾಷಣ ಮಾಡಿದವನೋ, ಬಾಗಿಲಿನಿಂದಲೇ ಹೊರಗುಳಿದವನೋ?

ಗಾಯ ಮಾಯ್ದ ಮೇಲೆ ಶ್ರೀಮಂತ ಮೊದಲು ಹೋದದ್ದು ಸ್ಟೇಷನ್ ಮಾಸ್ತರರ ಮನೆಗೆ. ಎಲ್ಲವನ್ನೂ ಹೇಳಿದ. ಮಾಸ್ತರರು ಕೂಗಾಡಲಿಲ್ಲ. ಹೆಂಡತಿಯ ಫೋಟೋದ ಕಡೆಗೊಮ್ಮೆ ನೋಡಿ, “ಆಕಿ ಹೆಸರಿಗೂ ಈ ಮಸಿ ಹತ್ತಿತ್ತಲ್ಲರೀ” ಎಂದರು. ಆ ಮಾತು ಅವನಿಗೆ ಹೊಡೆತಕ್ಕಿಂತ ಹೆಚ್ಚಾಯಿತು. ಆಮೇಲೆ ಸಭೆಯಲ್ಲಿ ಎದ್ದು ನಿಂತ. ಅಧ್ಯಕ್ಷರು ತಡೆಯಲು ನೋಡಿದರು: “ಯಾರೂ ಕೇಳಬಾರದು, ಯಾರೂ ಹೇಳಬಾರದು. ಅದು ನಮ್ಮ ಕಟ್ಟಳೆ.” ಶ್ರೀಮಂತ ಹೇಳಿದ, “ಆ ಗುಟ್ಟು ಇಟ್ಟದ್ದು ನಮ್ಮ ಮನಸ್ಸು ಅಂಜದ ಖರೇ ಹೇಳ್ಲಿ ಅಂತ. ನಾನು ಅದರಾಗ ನನ್ನ ಸುಳ್ಳು ಅಡಗಿಸಿಟ್ಟೆ. ಇವತ್ತು ಹೇಳ್ದಿದ್ರ ಮಾಸ್ತರ ಬಾಜೂ ಕುರ್ಚಿ ಖಾಲೀನ ಉಳೀತೈತಿ.” ಅಧ್ಯಕ್ಷರು ಮತ್ತೆ ತಡೆಯಲಿಲ್ಲ.

ಸಭೆ ಡಾಕ್ಟರನ್ನು ಮತ್ತೆ ಕರೆಯಲು ಒಪ್ಪಿತು. ಸುದ್ದಿ ಒಯ್ದವನು ಶ್ರೀಮಂತನೇ. “ಈ ಸಲ ನಿಮ್ಮ ಹೆಸರು ನಾನ ಸೂಚಿಸ್ತೀನಿ” ಎಂದ.

ಡಾಕ್ಟರ್ ಕೇಳಿದರು, “ನಮ್ಮವ್ವನ ಹೆಸರು ಗೊತ್ತೇನ್ರಿ ನಿಮಗ?”

ಗೊತ್ತಿರಲಿಲ್ಲ. ಅಷ್ಟು ವರ್ಷ ಮಿಲ್ಲಿನಲ್ಲಿ ಅವಳನ್ನು ಕಸದವ್ವ ಎಂದೇ ಕರೆಯುತ್ತಿದ್ದರು.

“ಹುಲಿಗೆವ್ವ,” ಎಂದರು ಡಾಕ್ಟರ್. “ನನ್ನ ಸಭಾಕ್ಕ ಕರಿಯೂದು ಆಮ್ಯಾಲ ನೋಡೂಣು. ಮೊದಲು ಆಕೀನ್ನ ನಿಮ್ಮ ಮನಿಗೆ ಊಟಕ್ಕ ಕರೀರಿ.”

ಬಂಗಲೆಯೊಳಗೆ ಸಹೋದರ ಎನ್ನುವುದು ಸುಲಭ. ತನ್ನ ಮನೆಯ ಅಡುಗೆಮನೆಗೆ ಹೋಗಿ ‘ಹುಲಿಗೆವ್ವ ಊಟಕ್ಕ ಬರ್ತಾಳ, ನಮ್ಮ ಸಾಲಿನಾಗ ಕೂಡ್ತಾಳ’ ಎಂದು ಹೇಳುವುದಿದೆಯಲ್ಲ, ಅದಕ್ಕೆ ಅವನ ನಾಲಿಗೆ ವಾರಗಟ್ಟಲೆ ಏಳಲಿಲ್ಲ. ಹೇಳಿದಾಗ ಮನೆಯಲ್ಲಿ ರಾದ್ಧಾಂತವೇ ಆಯಿತು. ಅವನ ಹಿರಿಯಣ್ಣ ಊಟಕ್ಕೆ ಬರುವುದಿಲ್ಲವೆಂದ. ಬರಲಿಲ್ಲ ಕೂಡ.

ಹುಲಿಗೆವ್ವ ಬಂದಳು. ಮಗ ಕೊಡಿಸಿದ ಇಳಕಲ್ ಸೀರೆ ಉಟ್ಟಿದ್ದಳು. ಮುಂದಿನ ಬಾಗಿಲಿನಲ್ಲಿ ಶ್ರೀಮಂತ ಕಾಯುತ್ತಿದ್ದರೆ, ಅವಳು ತನ್ನ ಪಾಡಿಗೆ ಮನೆ ಸುತ್ತು ಹಾಕಿ ಹಿತ್ತಲಿಗೆ ಹೋಗಿ ನಿಂತಿದ್ದಳು. ಅವನು ಹಿಂದೆ ಓಡಿ, “ಹುಲಿಗೆವ್ವ, ಇತ್ತಾಗ ಬಾರವ್ವ” ಎಂದು ಕರೆತಂದ. ಒಳಗೆ ಕುಳಿತಳು. ಬಡಿಸಿದ್ದರಲ್ಲಿ ಕಾಲುಭಾಗವೂ ಅವಳಿಗೆ ಸೇರಲಿಲ್ಲ. ಎಲ್ಲಿ ಏನು ತಾಗಿಬಿಡುತ್ತದೋ ಎಂದು ಮೈ ಮುದುಡಿಕೊಂಡೇ ಉಂಡಳು. ಪಕ್ಕದಲ್ಲಿ ಕುಳಿತಿದ್ದ ಶ್ರೀಮಂತ ಆ ಮುದುಡಿದ ಮೈಯನ್ನು ನೋಡಿದ. ಅದು ಯಾರು ಕಲಿಸಿದ ಭಯವೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಡಾಕ್ಟರ್ ಆ ಸಭೆ ಸೇರಿದರೇ? ಸೇರಿದರು, ಎಷ್ಟೋ ಕಾಲದ ನಂತರ. ಅದು ನಮಗೆ ಮುಖ್ಯವಲ್ಲ.

ನಮಗೆ ಮುಖ್ಯವಾದದ್ದು ನಮ್ಮ ಕೈ. ಆ ಬಂಗಲೆ ನಮ್ಮ ಊರಲ್ಲಿಲ್ಲ, ಆ ಪೆಟ್ಟಿಗೆ ನಮ್ಮ ಮನೆಯಲ್ಲಿಲ್ಲ, ಸರಿ. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರ ಹೆಸರು ಕೇಳಿ, ಊರು ಕೇಳಿ, ಊಟ ಏನೆಂದು ಕೇಳಿ, ಆಮೇಲೆ ‘ಮನೆ ಆಗಲೇ ಹೋಯ್ತಲ್ಲ’ ಎನ್ನುತ್ತೇವಲ್ಲ, ಅದೇನು? ಸಂಘದ ಸಭೆಯಲ್ಲಿ ಒಬ್ಬರ ಹೆಸರು ಬಂದಾಗ ಬಾಯಲ್ಲಿ ಒಳ್ಳೆಯವರು ಎಂದು, ಹೊರಗೆ ಬಂದು ಪಕ್ಕದವರ ಕಿವಿಯಲ್ಲಿ ಬೇರೆ ಹೇಳುತ್ತೇವಲ್ಲ, ಅದೇನು? ಯಾರೂ ನೋಡಲಿಲ್ಲ ಎಂದುಕೊಳ್ಳುತ್ತೇವೆ. ನೋಡದಿದ್ದರೂ ಕಪ್ಪು ಗೋಲಿ ಬೀಳುತ್ತದೆ. ಬಿದ್ದದ್ದರ ಭಾರವನ್ನು ಏನೂ ಮಾಡದ ಒಬ್ಬರು ಹೊರುತ್ತಾರೆ. ತಪ್ಪಿಲ್ಲದವರು ‘ನಾನೆಲ್ಲಿ ತಪ್ಪಿದೆ’ ಎಂದು ಕೊರಗುತ್ತಾರೆ.

ಆದ್ದರಿಂದ ಒಬ್ಬರನ್ನು ಬೇಡವೆನ್ನುವುದಿದ್ದರೆ ಕಾರಣವನ್ನು ಅವರ ಎದುರಿಗೇ ಹೇಳಿ. ಎದುರಿಗೆ ಹೇಳಲು ನಾಚಿಕೆಯಾಗುವ ಕಾರಣವಾದರೆ, ಅದು ಅವರ ದೋಷವಲ್ಲ, ನಿಮ್ಮದು. ಅದನ್ನು ಅಲ್ಲಿಯೇ ಬಿಡಿ. ಆಗಲೇ ಕಪ್ಪು ಗೋಲಿ ಹಾಕಿಬಿಟ್ಟಿದ್ದರೆ, ಯಾರ ಮೇಲೆ ಸಂಶಯ ಬಿದ್ದಿದೆಯೋ ಅವರ ಮನೆಗೆ ಮೊದಲು ಹೋಗಿ.

ಇನ್ನು ಇವತ್ತಿನ ಕೆಲಸ. ಇಲ್ಲಿಂದ ಮನೆಗೆ ಹೋದವರೇ ಅಡುಗೆಮನೆಯ ಕಿಟಕಿಯ ಹತ್ತಿರ ನೋಡಿ. ಪಾತ್ರೆ ತೊಳೆಯಲು ಬರುವವಳಿಗೆ, ಕಸ ಒಯ್ಯಲು ಬರುವವನಿಗೆ ಚಹಾ ಕೊಡುವ ಲೋಟ ಬೇರೆ ಇದೆಯೇ? ಇದ್ದರೆ ನಾಳೆ ಬೆಳಿಗ್ಗೆ ಅವರಿಗೆ ನಿಮ್ಮ ಲೋಟದಲ್ಲಿ ಚಹಾ ಕೊಡಿ. ಕೊಡುವ ಮೊದಲು ಅವರ ಹೆಸರು ಕೇಳಿ, ಹೆಸರು ಹಿಡಿದು ಕರೆಯಿರಿ. ಅವರು ಕುಡಿದು ಮುಗಿಸುವ ತನಕ ಅಲ್ಲಿಯೇ ಕುಳಿತಿರಿ.