ಹನ್ನೊಂದು ಗೂಡುಗಳಿಗೂ ಒಂದೇ ಹೆಸರು

ಮಾನ್ಯ ಅಧ್ಯಕ್ಷರೇ, ನರಿನ್‌ನಿಂದ ಹಿಮದ ದಾರಿ ಹಿಡಿದು ಬಂದ ಅತಿಥಿಗಳೇ, ಕುದುರೆಗಳನ್ನು ಹೊರಗೆ ಕಟ್ಟಿ ಒಳಗೆ ಬೆಚ್ಚಗೆ ಕುಳಿತಿರುವ ಸಭಿಕರೇ,

ನಮ್ಮ ಪಶು ದಾಖಲೆ ಕಚೇರಿಯ ಬುರುಲ್ ಅವರಿಗೆ ಇಂದು ಸನ್ಮಾನ. ಅವರನ್ನು ಹೊಗಳಲು ನನ್ನಷ್ಟು ಅಯೋಗ್ಯ ಈ ಸಭಾಂಗಣದಲ್ಲಿ ಇನ್ನೊಬ್ಬನಿಲ್ಲ. ಏಕೆಂದರೆ ಅವರನ್ನು ಕೆಲಸದಿಂದ ತೆಗೆಯಿರಿ ಎಂದು ಅರ್ಜಿ ಬರೆದವನು ನಾನೇ.

ನನ್ನಲ್ಲಿ ಹನ್ನೊಂದು ಜೇನುಗೂಡುಗಳಿವೆ. ಈ ವರ್ಷ ಅವೂ ಕಚೇರಿಯ ಕಂಪ್ಯೂಟರಿಗೆ ಸೇರಿದವು, ಪಟ್ಟಿಯಲ್ಲಿ ಮೊದಲ ಸಲ ಒಡೆಯರದಲ್ಲದೆ ಪಶುಗಳ ಹೆಸರುಗಳೂ ಅಚ್ಚಾದವು. ಏನಿತ್ತು ಅದರಲ್ಲಿ? ಒಂದನೇ ಗೂಡು, ಜುಮಾದಿಲ್. ಎರಡನೇ ಗೂಡು, ಜುಮಾದಿಲ್. ಹನ್ನೊಂದೂ ಜುಮಾದಿಲ್! ಜುಮಾದಿಲ್ ಎಂದರೆ ನಾನು. ಪಕ್ಕದ ಮನೆಯ ಸಾಪರ್ ಬೇಲಿಯಾಚೆಯಿಂದ ಕೂಗಿದ: "ನನ್ನ ಕತ್ತೆಗೂ ನಿನ್ನ ಹೆಸರೇ ಬಂದಿದೆ ಕಣೋ, ಒಂದ್ಸಲ ಬಂದು ಮಾತಾಡಿಸ್ಕೊಂಡು ಹೋಗು!" ಊರೇ ನಕ್ಕಿತು. ನಾನು ಅರ್ಜಿ ಬರೆದೆ.

ಬುರುಲ್ ಜಗಳಕ್ಕೆ ಬರಲಿಲ್ಲ. ಕಂಪ್ಯೂಟರ್ ಹಿಡಿದು ಮನೆಗೇ ಬಂದರು. "ಅಜ್ಜಾ, ಗೂಡಿನ ನಮೂನೇಲಿ ನಾನು ಹೆಸರೇ ಬರ್ದಿಲ್ಲ ನೋಡಿ. ಅದು ಇನ್‌ಹೆರಿಟೆನ್ಸು."

ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು ‘ಮೈ ಅಂಕಲ್ ಲೆಫ್ಟ್ ಮಿ ಎ ಹೌಸ್’ ಅಷ್ಟೇ; ಮುಂದಿನ ಸಾಲು ಮರೆತಿದೆ. ಇನ್‌ಹೆರಿಟೆನ್ಸು ಎಂದರೆ ಸತ್ತವರು ಬಿಟ್ಟುಹೋದ ಆಸ್ತಿ ತಾನೇ? "ಯಾರಮ್ಮ ಸತ್ತಿದ್ದು?" ಎಂದೆ.

"ಯಾರೂ ಸಾಯ್ಬೇಕಿಲ್ಲ ಅಜ್ಜಾ. ಮೇಲೆ ‘ಪಶು’ ಅಂತ ಒಂದು ತಾಯಿ ನಮೂನೆ ಇದೆ. ಕುದುರೆ, ಕತ್ತೆ, ಜೇನುಗೂಡು ಎಲ್ಲಾ ಅದರ ಮಕ್ಕಳು. ತಾಯಿ ಹತ್ರ ಇರೋದೆಲ್ಲ ಮಕ್ಕಳಿಗೆ ತಾನಾಗೇ ಬರತ್ತೆ. ಮಗು ತನ್ನದು ಅಂತ ಬರ್ಕೊಂಡ್ರೆ ಅದು; ಇಲ್ದಿದ್ರೆ ತಾಯಿದೇ."

ಎಂಥ ಏರ್ಪಾಡು ನೋಡಿ! ನಮ್ಮಪ್ಪ ಪಾಲು ಮಾಡಿದಾಗ ಇದ್ದ ಕುರಿಮಂದೆ ನಾಲ್ಕು ಚೂರಾಯಿತು. ಇಲ್ಲಿ ತಾಯಿ ಎಷ್ಟು ಮಕ್ಕಳಿಗೆ ಕೊಟ್ಟರೂ ಅವಳದ್ದು ಒಂದು ಎಳೆ ಉಣ್ಣೆಯೂ ಕಡಿಮೆಯಾಗದು.

"ಅದಿರ್ಲಿ, ಆ ತಾಯಿ ಹತ್ರ ನನ್ನ ಹೆಸರು ಇಟ್ಟ ಪೋಕರಿ ಯಾರು?"

ಬುರುಲ್ ಪರದೆಯನ್ನು ನನ್ನತ್ತ ತಿರುಗಿಸಿದರು. ಬರೆದವರು: ಸೋನುನ್.

ಸೋನುನ್ ನನ್ನ ಹೆಂಡತಿ. ಅದೇ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದಳು. ತೀರಿಕೊಂಡು ಆರು ವರ್ಷವಾಯಿತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾದಂದಿನಿಂದ ನಾನು ಆಕೆಗೆ ‘ಟೋಪಿಯವರು’. ಆಸ್ಪತ್ರೆಯಲ್ಲಿ, ಕೊನೆಯ ದಿನವೂ, "ಟೋಪಿಯೋರೇ, ಟೋಪಿ ಹಾಕ್ಕೊಂಡು ಹೋಗಿ, ಹೊರಗೆ ಚಳಿ" ಎಂದಳು. ಒಮ್ಮೆಯಾದರೂ ಹೆಸರು ಹಿಡಿದು ಕರೆಯಲಿ ಎಂದು ನಾನು ಕಾದಿದ್ದೆನೇ? ಇರಲಿ, ಅದು ಸಭೆಯಲ್ಲಿ ಆಡುವ ಮಾತಲ್ಲ.

"ಒಂದೇ ಸಾಲು ಅಜ್ಜಾ. ಅಳಿಸ್ಲಾ?" ಎಂದರು ಬುರುಲ್.

ನನ್ನ ಅರ್ಜಿಯಿಂದ ಅವರ ಕೆಲಸ ಹೋಗುವುದರಲ್ಲಿತ್ತು. ಸದ್ದಿಲ್ಲದೆ ಅಳಿಸಿದ್ದರೆ ಅಂದೇ ಪಾರಾಗುತ್ತಿದ್ದರು. ಆದರೂ ಮೊದಲು ನನ್ನನ್ನು ಕೇಳಿದರು. ಯಾರು ಕೇಳುತ್ತಾರೆ, ಹೇಳಿ? ಈ ಶಾಲು ಅದಕ್ಕೇ ಸಲ್ಲಬೇಕು.

ಅರ್ಜಿಯನ್ನು ಹಿಂತೆಗೆದುಕೊಂಡಿದ್ದೇನೆ. ಆ ಸಾಲು ಹಾಗೆಯೇ ಇರಲಿ, ಅಧ್ಯಕ್ಷರೇ. ಸಾಪರ್ ಬೇಕಾದರೆ ತನ್ನ ಕತ್ತೆಗೆ ಬೇರೆ ಹೆಸರು ಬರೆದುಕೊಳ್ಳಲಿ. ನನ್ನ ಹನ್ನೊಂದು ಗೂಡುಗಳಿಗೆ ನಾನಂತೂ ಏನನ್ನೂ ಬರೆಯುವುದಿಲ್ಲ.

ಈ ಮುದುಕನ ಮಾತನ್ನು ತಾಳ್ಮೆಯಿಂದ ಕೇಳಿದಿರಿ, ಉಪಕಾರವಾಯಿತು. ಟೋಪಿ ಹಾಕಿಕೊಂಡು ಹೋಗಿ, ಹೊರಗೆ ಚಳಿಯಿದೆ. ನಮಸ್ಕಾರ.