ದೊಡ್ಡಕ್ಕನ ದವಡೆ ಕಟ್ಟು

ಆ ದೀಪ ಹಂಗೇ ಇರಲಿ, ಆರಿಸಬ್ಯಾಡ್ರಿ. ಇದನ್ನ ಪೂರಾ ಕತ್ತಲಲ್ಲಿ ಹೇಳಾಕೆ ನನಗೂ ಆಗಲ್ಲ. ನಮ್ಮ ಪಕ್ಕದ ಮನೆ, ಕುರಿ ಯರ್ರಿಸ್ವಾಮಿ ಮನೆಯಲ್ಲಿ ಆದದ್ದು. ಅವನ ಮಗಳು ಚೈತ್ರಶ್ರೀ ಕಣ್ಣಾರೆ ಕಂಡದ್ದು.

ಅವತ್ತು ಜಗಳೂರಿಂದ ಬರೋ ಕೊನೇ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಚೈತ್ರ ಕ್ರಾಸಿನಲ್ಲಿ ಇಳಿಯೋ ಹೊತ್ತಿಗೆ ಊರೆಲ್ಲ ಮಲಗಿತ್ತು. ಜಗಳೂರಲ್ಲಿ ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯೋ ಹುಡುಗಿ ಅವಳು. ಕ್ರಾಸಿಂದ ಊರಿಗೆ ಮಣ್ಣಿನ ದಾರಿ. ಎರಡೂ ಕಡೆ ಆಳೆತ್ತರದ ಮೆಕ್ಕೆಜೋಳ. ಗಾಳಿ ಬೀಸಿದರೆ ಒಣಗಿದ ಗರಿ ಸರ್… ಸರ್… ಅನ್ನುತ್ತೆ. ಅದು ದಾಟಿದರೆ ಆಲದಮರ. ಮರದ ಪಕ್ಕಕ್ಕೆ ಹಾಳು ಸೇದುಬಾವಿ.

ಫೋನಿನ ಬೆಳಕು ಹಿಡಿದು ಬಿರಬಿರನೆ ನಡೆದಳು. ಮುಖಕ್ಕೆ ಮಾಸ್ಕು. ಕೊರೊನಾ ಹೋಗಿ ಎಷ್ಟೋ ಕಾಲವಾಗಿತ್ತು. ಊರೆಲ್ಲ ಮಾಸ್ಕು ಬಿಸಾಕಿದರೂ ಇವಳು ಬಿಡಲಿಲ್ಲ. ಯಾಕಂದರೆ ಅದರ ಒಳಗೆ ಎಡದವಡೆ ಊದಿತ್ತು. ನೋವಿಲ್ಲ, ಜ್ವರವಿಲ್ಲ. ಮೊದಲು ಅಡಿಕೆಯಷ್ಟಿತ್ತು, ಆಮೇಲೆ ನಿಂಬೆಹಣ್ಣಿನಷ್ಟಾಯ್ತು. ಬೆರಳಿಟ್ಟು ಒತ್ತಿದರೆ ಒಣ ಶೇಂಗಾ ಸಿಪ್ಪೆ ಅದುಮಿದ ಹಾಗೆ ಒಂದು ಸಣ್ಣ ಸದ್ದು… ಚಿರಕ್.

ಬಾವಿ ಹತ್ತಿರ ಬಂದಳು. ಆಲದ ಎಲೆ ಒಂದೂ ಅಲ್ಲಾಡ್ತಿರಲಿಲ್ಲ. ಕೂಗ್ತಿದ್ದ ಜೀರುಂಡೆ ಗಕ್ಕನೆ ನಿಂತಿತು.

ಚಿರಕ್.

ಚೈತ್ರ ಅಲ್ಲೇ ನಿಂತುಬಿಟ್ಟಳು. ಅವಳ ಬೆರಳು ದವಡೆ ಮೇಲಿರಲಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಊಟದ ಡಬ್ಬಿ.

ಬಾವಿಕಟ್ಟೆ ಮೇಲೆ ಯಾರೋ ಕೂತಿದ್ದರು. ಹೆಂಗಸು. ಗಲ್ಲದ ಕೆಳಗಿಂದ ನೆತ್ತಿಯವರೆಗೆ ನೀಲಿ ಚೌಕಳಿ ಬಟ್ಟೆ ಬಿಗಿದು ಗಂಟು ಹಾಕಿತ್ತು. ಬಾಯಿ ಬಿಡಾಕೆ ಬರದವರ ಹಾಗೆ ಗಂಟಲಲ್ಲೇ ನರಳ್ತಿದ್ದಳು. ಮ್… ಮ್ಮ್…

ಆ ಬಟ್ಟೆ ಚೈತ್ರಗೆ ಗೊತ್ತು. ಅದನ್ನ ಕಟ್ಟಿಕೊಂಡೇ ಅವಳ ಸೋದರತ್ತೆ ಮಣ್ಣಿಗೆ ಹೋಗಿದ್ದಳು. ಡಬ್ಬಿ ಬಿತ್ತು. ಎತ್ತಿಕೊಳ್ಳಲಿಲ್ಲ. ಓಡಿದಳು.

ಈ ಅತ್ತೆ ಅಂದರೆ ದೊಡ್ಡಕ್ಕ, ಯರ್ರಿಸ್ವಾಮಿಯ ಅಕ್ಕ. ಅವರವ್ವ ಬೇಗ ತೀರಿಹೋದಾಗ ತಮ್ಮನ್ನ ಸೊಂಟದ ಮೇಲೆ ಹೊತ್ತು ಸಾಕಿದೋಳು. ಯಾರಾದರೂ ಕಬ್ಬು ಕೊಟ್ಟರೆ ತಾನು ತಿನ್ನೋಳಲ್ಲ. ಹಲ್ಲಲ್ಲೇ ಸಿಪ್ಪೆ ಸಿಗಿದು, ಚಿಕ್ಕಚಿಕ್ಕ ತುಂಡು ಮಾಡಿ ತಮ್ಮನ ಬಾಯಿಗಿಡೋಳು. ಅವನು ದೊಡ್ಡೋನಾದ ಮೇಲೆ ಆ ಋಣ ಮರೀಲಿಲ್ಲ. ಸುಗ್ಗಿ ಮುಗಿದ ಮೇಲೆ ಸೂಳೆಕೆರೆ ಕಡೆ ಗದ್ದೆಗಳಲ್ಲಿ ಗೊಬ್ಬರಕ್ಕೆ ಅಂತ ಕುರಿಮಂದೆ ನಿಲ್ಲಿಸಾಕೆ ಹೋಗೋನು. ವಾಪಸ್ ಬರುವಾಗ ಹೆಗಲ ಮೇಲೆ ಒಂದು ಜಲ್ಲೆ ಕಬ್ಬು ಇದ್ದೇ ಇರೋದು. ಹೆಂಡತಿ ಕೆಂಪಕ್ಕ ಹಂಗಿಸೋಳು, "ಹೆಂಡ್ತಿಗೊಂದು ಮೊಳ ಹೂವಿಲ್ಲ, ಅಕ್ಕನಿಗೆ ಕಬ್ಬು" ಅಂತ. ದೊಡ್ಡಕ್ಕ ನಗೋಳು. "ನಿನಗೂ ಸಿಗಿದು ಕೊಡ್ತೀನಿ ಬಾರೇ" ಅನ್ನೋಳು.

ಆಮೇಲೆ ಅವಳ ದವಡೆ ಊದಾಕೆ ಶುರುವಾಯ್ತು. ಮದುವೆ ನಿಂತುಹೋಯ್ತು. ಪುಟ್ಟ ಚೈತ್ರ ಅತ್ತೆ ಮಡಿಲಲ್ಲಿ ಕೂತು ಆ ಊತ ಒತ್ತಿ ಒತ್ತಿ ಆಟ ಆಡೋಳು. ಚಿರಕ್ ಅಂದರೆ ಇಬ್ಬರೂ ನಗೋರು.

ಯರ್ರಿಸ್ವಾಮಿ ಏನು ಮಾಡಿದ ಕೇಳ್ರಿ. ಕುರಿಗೆ ಗದ್ದ ಬಾತರೆ ಕುಡುಗೋಲು ಕಾಯಿಸಿ ಬರೆ ಎಳೀತಿದ್ದ. ಬರೆ ಬಿದ್ದ ಎಷ್ಟೋ ಕುರಿ ವಾಸಿಯಾಗಿದ್ದವು. ಅಕ್ಕನಿಗೂ ಅದನ್ನೇ ಎಳೆದ. ಕಣ್ಣಲ್ಲಿ ನೀರು ಸುರಿಸ್ತಾ ಎಳೆದ. ಚುಯ್ ಅಂತ ಚರ್ಮ ಸುಟ್ಟ ವಾಸನೆ ನಮ್ಮ ಮನೆಗೂ ಬಂದಿತ್ತು. ದೊಡ್ಡಕ್ಕ ಕಿರುಚಲಿಲ್ಲ. ತಮ್ಮನ ಕೈ ನಡುಗೀತು ಅಂತ ಸೆರಗು ಕಚ್ಚಿಕೊಂಡು ಕೂತಿದ್ದಳು.

ಊತ ಇಳೀಲಿಲ್ಲ. ಒಂದು ವರ್ಷ ಅವನು ತಂದ ಕಬ್ಬು ಕಚ್ಚಿದಳು ನೋಡ್ರಿ… ಫಟ್. ಮುರಿದದ್ದು ಕಬ್ಬಲ್ಲ, ದವಡೆ. ಅವತ್ತಿಂದ ಚೌಕಳಿ ಬಟ್ಟೆ ಕಟ್ಟಿಕೊಂಡಳು. ಗಂಜಿ ಬಸಿದು ಕುಡಿಸಿದರು. ಕೀವಾಯ್ತು. ಸೊರಗಿ ಸೊರಗಿ ಹೋಗಿಬಿಟ್ಟಳು.

ಮಣ್ಣು ಮಾಡೋ ಮುಂಚೆ ಹೆಣದ ದವಡೆ ಗಂಟು ಬಿಚ್ಚಬೇಕು. ಇಲ್ಲದಿದ್ದರೆ ಹೋದವರಿಗೆ ಮಾತಿಲ್ಲ, ಎಡೆ ಉಣ್ಣಾಕೂ ಆಗಲ್ಲ ಅಂತ ನಮ್ಮ ಕಡೆ ನಂಬಿಕೆ. ಬಿಚ್ಚಬೇಕಾದೋನು ಯರ್ರಿಸ್ವಾಮಿ. ಗಂಟಿಗೆ ಕೈ ಹಾಕಿದ, ಹಿಂದಕ್ಕೆ ತಗೊಂಡ. "ಬಿಚ್ಚಿದ್ರೆ ದವಡೆ ಜೋತುಬೀಳ್ತೈತೆ. ನನ್ನ ಅಕ್ಕನ್ನ ಹಂಗೆ ನೋಡಾಕೆ ನನ್ ಕೈಲಾಗಲ್ಲ" ಅಂದ. ಹಂಗೇ ಮಣ್ಣು ಎಳೆದರು. ಆಮೇಲೆ ಅವನು ಕಬ್ಬು ಮುಟ್ಟಲಿಲ್ಲ.

ಈಗ ಮಗಳಿಗೂ ಅದೇ ಜಾಗದಲ್ಲಿ ಊತ.

ಅವತ್ತು ರಾತ್ರಿ ಚೈತ್ರ ಏದುಸಿರು ಬಿಡ್ತಾ ಬಾವಿ ಹತ್ತಿರ ಕಂಡದ್ದು ಹೇಳಿದಳು. ಕೆಂಪಕ್ಕ ಎದೆಗೆ ಕೈ ಒತ್ತಿಕೊಂಡಳು.

"ನಾನು ಹೇಳಿರಲಿಲ್ವಾ? ಗುಡಿ ಪೂಜಾರಿ ಹೇಳಿರಲಿಲ್ವಾ? ಅವಳೇ ಬಂದು ಮಗೀನ ದವಡೇಲಿ ಕುಂತವಳೆ. ತನಗಿಲ್ಲದ ಮದುವೆ ಇವಳಿಗ್ಯಾಕೆ ಅಂತ."

"ಅಕ್ಕ ಅಂತೋಳಲ್ಲ ಕಣೇ," ಅಂದ ಯರ್ರಿಸ್ವಾಮಿ. ದನಿ ಸಣ್ಣದಾಗಿತ್ತು.

"ಸತ್ತ ಮ್ಯಾಲೆ ಯಾರು ಎಂತೋರು ಅಂತ ನಿಮಗೇನು ಗೊತ್ತು? ಅಮಾಸೆ ದಿನ ಬರೆ ಹಾಕಿದ್ರೆ ಬಿಟ್ಟು ಹೋಗ್ತಾಳೆ ಅಂತ ಅವರೇ ಹೇಳವ್ರೆ. ಹಾಕ್ರಿ ಸುಮ್ನೆ."

"ಬ್ಯಾಡವ್ವ," ಅಂದಳು ಚೈತ್ರ.

"ಬ್ಯಾಡ ಅಂದ್ರೆ? ಇನ್ನೆಷ್ಟು ದಿನ ಆ ಬಾಯಿಬಟ್ಟೆ ಕಟ್ಕೊಂಡು ತಿರುಗ್ತೀಯ?"

ಮಾರನೇ ದಿನ ಯರ್ರಿಸ್ವಾಮಿ ಹಿತ್ತಲಲ್ಲಿ ಕೂತು ಕುಡುಗೋಲು ಮಸೆದ. ಕರ್… ಕರ್… ಅಂತ ಆ ಸದ್ದು ಗೋಡೆ ದಾಟಿ ನನಗೆ ಕೇಳ್ತಿತ್ತು.

ಅಮಾವಾಸ್ಯೆಯ ಹಿಂದಿನ ರಾತ್ರಿ. ಚೈತ್ರ ಬೇಕಂತಲೇ ಕೊನೇ ಬಸ್ಸಿಗೆ ಬಂದಳು. ಕಾದ ಕಬ್ಬಿಣಕ್ಕಿಂತ ಸತ್ತ ಅತ್ತೆಯೇ ವಾಸಿ ಅನ್ನಿಸಿತ್ತು ಪಾಪ.

ಬಾವಿಕಟ್ಟೆ ಮೇಲೆ ಅವಳಿದ್ದಳು.

ಚಿರಕ್.

"ಅತ್ತೆ…" ಅಂದಳು ಚೈತ್ರ. "ನನ್ನ ಕರ್ಕೊಂಡು ಹೋಗಾಕೆ ಬಂದ್ಯಾ?"

ಆ ತಲೆ ಮೆಲ್ಲಗೆ ಅಡ್ಡಡ್ಡ ಆಡಿತು. ಇಲ್ಲ. ಕೈ ಮೇಲೆದ್ದು ನೆತ್ತಿಯ ಗಂಟು ಮುಟ್ಟಿತು. ಮ್… ಮ್ಮ್…

ಚೈತ್ರಗೆ ಆಗ ಅರ್ಥವಾಯ್ತು. ಹತ್ತಿರ ಹೋದಳು. ಮೈಯಿಂದ ಹಳೇ ಮಣ್ಣಿನ ತಂಪು ಬರ್ತಿತ್ತು. ಗಂಟು ಹಸಿಯಾಗಿ ಕಲ್ಲಿನ ಹಾಗೆ ಬಿಗಿದಿತ್ತು. ಉಗುರು ಹೋಗಲಿಲ್ಲ. ಚೀಲದಲ್ಲಿ ಕತ್ತರಿ ಇತ್ತು, ಆದರೆ ಸತ್ತವರ ಗಂಟು ಕತ್ತರಿಸಬಾರದು, ಬಿಚ್ಚಬೇಕು. ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು. ತಪ್ಪಾದ ಹೊಲಿಗೆ ಬಿಚ್ಚೋ ಹಾಗೆ ಎಳೆ ಎಳೆಯಾಗಿ ಸಡಿಲಿಸಿದಳು. ಕಡೆಗೆ ಗಂಟು ಬಿಟ್ಟುಕೊಂಡಿತು.

ದವಡೆ ಜೋತುಬಿತ್ತು. ದೊಡ್ಡಕ್ಕ ಅದನ್ನ ತನ್ನ ಅಂಗೈಯಲ್ಲೇ ಎತ್ತಿ ಹಿಡಿದುಕೊಂಡಳು. ಗಾಳಿ ಹೋದ ಹಾಗೆ ಪಿಸುಮಾತು ಬಂತು.

"ಚಿರಕ್ ಅಂತೈತಾ… ಮಗ?"

"ಹೂಂ ಅತ್ತೆ."

"ನಾನಲ್ಲವ್ವ ಅದು… ನಾನು ನಿನ್ನ ಮುಟ್ಟಿಲ್ಲ."

ಚೈತ್ರಗೆ ಅಳು ಬಂತು.

"ಬರೆ ಹಾಕಿಸ್ಕೋಬ್ಯಾಡ… ಮುಚ್ಕೋಬ್ಯಾಡ. ತೋರ್ಸು."

"ಅಪ್ಪ ಕೇಳಲ್ಲ ಅತ್ತೆ."

"ಅವನ ಬೆರಳಿಡ್ಸು… ಅವನಿಗೆ ಗೊತ್ತಾಗ್ತೈತೆ." ದವಡೆ ಹಿಡಿದ ಕೈ ಬದಲಿಸಿಕೊಂಡಳು. "ಅವನ್ನ ಬೈಬ್ಯಾಡ ಮಗ… ಪಾಪ, ಅವನಿಗೆ ಬ್ಯಾರೆ ಏನೂ ಗೊತ್ತಿರಲಿಲ್ಲ."

ಜೀರುಂಡೆ ಮತ್ತೆ ಕೂಗಿತು. ಕಟ್ಟೆ ಬರಿದಾಗಿತ್ತು. ಬಿಚ್ಚಿದ ಬಟ್ಟೆಯೂ ಇರಲಿಲ್ಲ. ಚೈತ್ರಳ ಬೆರಳು ಮಾತ್ರ ಒದ್ದೆ.

ಮನೆಗೆ ಬಂದೋಳೇ ಮಾಸ್ಕು ಕಿತ್ತು ಒಲೆಗೆ ಹಾಕಿದಳು. ಅಪ್ಪನ ಮುಂದೆ ಕೂತು ಮುಖ ಎತ್ತಿದಳು. "ಅಪ್ಪ, ಕುರಿ ಗದ್ದ ಒತ್ತಿ ನೋಡ್ತೀಯಲ್ಲ, ಹಂಗೆ ಒತ್ತು."

"ಯಾಕವ್ವ?"

"ಒತ್ತು ಅಂದ್ನಲ್ಲ."

ಒತ್ತಿದ. ಚಿರಕ್. ಯರ್ರಿಸ್ವಾಮಿ ಬೆಂಕಿ ಮುಟ್ಟಿದೋನ ಹಾಗೆ ಕೈ ಎಳೆದುಕೊಂಡ. ಕುರಿಯ ಬಾವು ಹಂಗೆ ಅನ್ನಲ್ಲ. ಅವನು ಜೀವಮಾನದಲ್ಲಿ ಆ ಸದ್ದು ಇನ್ನೊಂದೇ ದವಡೆಯಲ್ಲಿ ಕೇಳಿದ್ದ, ಅದಕ್ಕೂ ಬರೆ ಎಳೆದಿದ್ದ.

"ಅತ್ತೆ ನನ್ನ ಮುಟ್ಟಿಲ್ವಂತೆ ಅಪ್ಪ. ಅದು ಅವಳಲ್ವಂತೆ."

ಅವನು ಎದ್ದು ಹಿತ್ತಲಿಗೆ ಹೋದ. ಕುಡುಗೋಲು ಮಾಡಿನ ಮೇಲಕ್ಕೆ ಎಸೆದ ಸದ್ದು ಕೇಳಿಸ್ತು. ಠಣ್. ಬೆಳಗಾಗೋ ಮುಂಚೆ ಅಪ್ಪ ಮಗಳು ದಾವಣಗೆರೆ ಬಸ್ಸಿಗೆ ಅಂತ ಹೊರಟರು. ಕೆಂಪಕ್ಕ ಬಾಗಿಲಲ್ಲೇ ನಿಂತು ಬೈದಳು. ಬಸ್ಸು ಕ್ರಾಸಿಗೆ ಬರೋ ಹೊತ್ತಿಗೆ ರೊಟ್ಟಿ ಗಂಟು ಹಿಡಿದು ಅವಳೂ ಓಡಿಬಂದಳು.

ಹಲ್ಲಿನ ಆಸ್ಪತ್ರೆಯಲ್ಲಿ ಸಂಧ್ಯಾರಾಣಿ ಅಂತ ಡಾಕ್ಟರಮ್ಮ. ಚೈತ್ರಳ ಬಾಯಿ ತೆರೆಸಿ, ಬೆರಳಿಟ್ಟು ಒಳಗಿಂದ ಹೊರಗಿಂದ ಒತ್ತಿದಳು. ತಲೆ ಸುತ್ತ ತಿರುಗೋ ಮಿಷನ್ನಿನಲ್ಲಿ ಫೋಟೋ ತೆಗೆಸಿದಳು. ದವಡೆ ಎಲುಬಿನ ನಡುವೆ ಕಪ್ಪಗೆ ಒಂದು ಚೀಲ ಕಾಣ್ತಿತ್ತು. ಸೂಜಿ ಹಾಕಿದರೆ ನೀರು ಬಂತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬಂದಾಗ ಮೂವರನ್ನೂ ಕೂರಿಸಿಕೊಂಡು ಹೇಳಿದಳು.

"ಕ್ಯಾನ್ಸರ್ ಅಲ್ಲ, ಹೆದರಬೇಡಿ. ಎಲುಬಿನ ಒಳಗೇ ನೀರಿನ ಚೀಲ ಬೆಳೆದು ಎಲುಬನ್ನ ಸಿಪ್ಪೆಯಷ್ಟು ತೆಳ್ಳಗೆ ಮಾಡಿದೆ. ಅದಕ್ಕೇ ಆ ಶಬ್ದ. ಆಪರೇಷನ್ ಮಾಡಿ ಚೀಲ ತೆಗೀತೀವಿ, ಎಲುಬು ಮತ್ತೆ ತುಂಬಿಕೊಳ್ಳುತ್ತೆ. ತಿರುಗಿ ಬರೋ ಜಾತಿ ಇದು, ವರ್ಷ ವರ್ಷ ತೋರಿಸಬೇಕು. ಕೆಲವು ಮನೆತನದಲ್ಲಿ ಹರಿದು ಬರುತ್ತೆ. ನಿಮ್ಮಲ್ಲಿ ಯಾರಿಗಾದರೂ ಇತ್ತಾ?"

"ನಮ್ಮಕ್ಕನಿಗೆ," ಅಂದ ಯರ್ರಿಸ್ವಾಮಿ. ಎಲ್ಲ ಹೇಳಿದ. ಬರೆ, ಕಬ್ಬು, ಬಟ್ಟೆ. ಹೇಳಿ ಮುಗಿಸಿ ಕೇಳಿದ, "ಅವಾಗ ನಾನು ಅವಳ್ನ ಇಲ್ಲಿಗೆ ಕರ್ಕೊಂಡು ಬಂದಿದ್ರೆ?"

ಡಾಕ್ಟರಮ್ಮ ಫೋಟೋ ಕೆಳಗಿಟ್ಟಳು. "ನೋಡದೆ ಖಂಡಿತ ಹೇಳೋಕಾಗಲ್ಲ, ಯಜಮಾನ್ರೆ."

"ಹೇಳ್ರಿ ತಾಯಿ."

"…ಉಳೀತಿದ್ರು ಅನ್ನಿಸುತ್ತೆ."

ಅವನು ಹೆಗಲ ಮೇಲಿನ ಟವಲು ತೆಗೆದು ಬಾಯಿಗೆ ತುಂಬಿಕೊಂಡ. ಅಕ್ಕ ಸೆರಗು ಕಚ್ಚಿಕೊಂಡಿದ್ದಳಲ್ಲ, ಹಂಗೆ. ಎಷ್ಟು ಕುರಿಗಳ ಬಾಯಿ ತೆರೆದು ಹಲ್ಲು ನೋಡಿದ್ದನೋ ಲೆಕ್ಕವಿಲ್ಲ. ಅಕ್ಕನ ಬಾಯಿ ಒಂದು ಸಲ ತೆರೆದು ನೋಡಿರಲಿಲ್ಲ. ಅದನ್ನೇ ಹೇಳಿ ಹೇಳಿ ಅತ್ತ. ಚೈತ್ರ ಅವನ ಬೆನ್ನ ಮೇಲೆ ಕೈ ಇಟ್ಟಳು. ಅತ್ತೆ ಬೈಬ್ಯಾಡ ಅಂದದ್ದನ್ನ ಮಾತ್ರ ಅವಳು ಇನ್ನೂ ಹೇಳಿರಲಿಲ್ಲ. ಅಲ್ಲಿ ಹೇಳಿದಳು. ಅವನು ಇನ್ನೂ ಜೋರಾಗಿ ಅತ್ತ.

ಆಪರೇಷನ್ ಆಯ್ತು. ಹುಡುಗಿ ಉಳಿದಳು.

ಹಿರಿಯರ ಹಬ್ಬ ಬಂತು. ಚೈತ್ರ ಇನ್ನೂ ಗಟ್ಟಿ ಏನೂ ಜಗೀತಿರಲಿಲ್ಲ. ಕೆಂಪಕ್ಕ ಈ ಸಲ ದೊಡ್ಡಕ್ಕನ ಎಡೆಗೆ ಮೆತ್ತಗೆ ಅನ್ನ ಮಿದ್ದು ಹಾಲು ಹಾಕಿದಳು. "ಪಾಪ, ಇಷ್ಟು ವರ್ಷ ಚಕ್ಲಿ ಕರ್ಜಿಕಾಯಿ ಇಟ್ವಿ, ಅವಳು ಏನು ತಿಂದಾಳು" ಅಂತ ಕಣ್ಣೊರೆಸಿಕೊಂಡಳು. ಚೈತ್ರ ಜಗಳೂರು ಸಂತೆಯಿಂದ ಒಂದು ಜಲ್ಲೆ ಕಬ್ಬು ತಂದಿದ್ದಳು.

"ಅದನ್ನ ಇಡಬ್ಯಾಡವ್ವ," ಅಂದ ಯರ್ರಿಸ್ವಾಮಿ. "ಅದೇ ಅವಳ ಜೀವ ತಗೊಂಡಿದ್ದು."

"ಅತ್ತೆ ಗಂಟು ನಾನು ಬಿಚ್ಚೀನಿ ಅಪ್ಪ. ಇಡ್ತೀನಿ."

ಇಟ್ಟಳು. ಎಡೆ ಇಟ್ಟ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರೋದು ವಾಡಿಕೆ. ಜಗುಲಿ ಮೇಲೆ ಅವರು ಮೂವರು, ಪಕ್ಕದಲ್ಲಿ ನಾನು. ಒಳಗೆ ಇಲಿ ಕೂಡ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಸದ್ದು… ಸರ್ರ್… ಕಟಕ್. ಮತ್ತೆ ಸರ್ರ್… ಕಟಕ್. ಯರ್ರಿಸ್ವಾಮಿ ತಲೆ ಎತ್ತಿದ. ನಡುವೆ ಎಲ್ಲೂ ಚಿರಕ್ ಅನ್ನಲಿಲ್ಲ.

ಬಾಗಿಲು ತೆಗೆದೆವು. ಮಿದ್ದ ಅನ್ನ ಇಟ್ಟ ಹಾಗೇ ಇತ್ತು, ಹಾಲು ಕೆನೆ ಕಟ್ಟಿತ್ತು. ನೆಲದ ಮೇಲೆ ಹಲ್ಲಲ್ಲಿ ಸಿಗಿದ ಕಬ್ಬಿನ ಸಿಪ್ಪೆ ಉದ್ದುದ್ದ ಬಿದ್ದಿತ್ತು. ಜಗಿದ ಹಿಪ್ಪೆ ಒಂದು ಚೂರೂ ಇರಲಿಲ್ಲ. ಯರ್ರಿಸ್ವಾಮಿ ದಿನಾ ಕೂರೋ ಕಂಬಳಿ ಮೇಲೆ, ಗೆಣ್ಣು ತೆಗೆದ ಕಬ್ಬಿನ ತುಂಡುಗಳು ಸಾಲಾಗಿ ಇದ್ದವು. ಹಸೀಹಸಿ, ರಸ ಜಿನುಗ್ತಾ ಇತ್ತು. ನಾನು ಮುಟ್ಟಿ ನೋಡೀನಿ, ನಂಬಿದರೆ ನಂಬ್ರಿ. ತುಂಡೆಲ್ಲ ಚಿಕ್ಕಚಿಕ್ಕವು… ಹಾಲುಹಲ್ಲಿನ ಮಗೀನ ಬಾಯಿಗೆ ಹಿಡಿಸೋವಷ್ಟು.